ಮಳಿ ಬಂದ್ರೇನೇ ದೊಡ್ಡದಾಗೋ ಪ್ರಾಣಿ

ಬೇಸಿಗೆ ರಜೆಗೆ ಪುಣೆಯಿಂದ ಬಂದಿದ್ದ ನನ್ನ ಅಕ್ಕನ ಮಗ ಜೇವರ್ಗಿ ತಾಲ್ಲೂಕಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಿಂಟೆಂಡೋ ಸ್ವಿಚ್ ಎಂಬ ಕೈಯಂತ್ರದಲ್ಲಿ ಪೋಕೆಮಾನ್ ಆಡುತ್ತಿದ್ದ. ಪಕ್ಕದಲ್ಲಿ ನಮ್ಮಪ್ಪ, ಅಂದರೆ ಅವನ ಮುತ್ಯಾ, ಬಿತ್ತನೆಗೆಂದು ತೊಗರಿ ಬೀಜ ಆರಿಸುತ್ತಿದ್ದರು. ಹುಡುಗ ಪರದೆಯನ್ನು ಅವರ ಮುಖದ ಹತ್ತಿರ ಹಿಡಿದ. ಅದರಲ್ಲಿ ಬಸವನಹುಳುವಿನ ಹಾಗೆ ಅಂಟು ಮೈಯ ಪ್ರಾಣಿಯೊಂದಿತ್ತು. ಹೆಸರು ಸ್ಲಿಗ್ಗೂ.

“ಮುತ್ಯಾ, ಇದು ನೋಡು. ಐವತ್ತನೇ ಲೆವೆಲ್ಲಿಗಿ ಬಂದ್ರೂ ಹಂಗೇ ಇರ್ತದ. ಮಳಿ ಬಂದ್ರೇನೇ ದೊಡ್ಡದಾಗ್ತದ.”

ಅಪ್ಪ ಮೊರ ಕೆಳಗಿಟ್ಟು ನೋಡಿದರು. “ಮಿರಗದ ಹುಳನೂ ಹಂಗೇ ಅಲ್ಲೇನೋ ತಮ್ಮಾ. ಮಳಿ ಬೀಳೋತನಾ ನೆಲದಾಗಿಂದ ಹೊರಗ ಬರಲ್ಲ.”

ಆ ಆಟದ ಹುಟ್ಟು ಗೊತ್ತಿದ್ದ ನನಗೆ, ಅಪ್ಪ ಒಂದೇ ಮಾತಿನಲ್ಲಿ ಅದರ ಬೇರನ್ನೇ ಮುಟ್ಟಿದರು ಅನ್ನಿಸಿತು. ಪೋಕೆಮಾನ್ ಹುಟ್ಟಿದ್ದೇ ಹುಳ ಹಿಡಿಯುವ ಹುಡುಗನೊಬ್ಬನಿಂದ. ಸತೋಷಿ ತಾಜಿರಿ ಹುಟ್ಟಿದ್ದು 1965ರಲ್ಲಿ. ಬೆಳೆದದ್ದು ಟೋಕಿಯೊದ ಪಶ್ಚಿಮದ ಮಾಚಿದಾದಲ್ಲಿ. ಆಗಿನ್ನೂ ಅಲ್ಲಿ ಭತ್ತದ ಗದ್ದೆ, ಹೊಂಡ, ಕಾಡು ಇದ್ದವು. ಜೊತೆಯ ಹುಡುಗರು ಅವನನ್ನು ‘ಹುಳದ ಡಾಕ್ಟರ್’ ಎಂದೇ ಕರೆಯುತ್ತಿದ್ದರಂತೆ. ಉಳಿದವರು ಜೀರುಂಡೆ ಹಿಡಿಯಲು ಮರಕ್ಕೆ ಜೇನು ಸವರಿ ಕಾಯುತ್ತಿದ್ದರೆ ಇವನು ಮರದ ಬುಡದಲ್ಲಿ ಒಂದು ಕಲ್ಲು ಇಟ್ಟು ಮನೆಗೆ ಹೋಗುತ್ತಿದ್ದ. ರಾತ್ರಿಯೆಲ್ಲ ಓಡಾಡಿದ ಜೀರುಂಡೆ ಹಗಲು ಮಲಗಲು ಕಲ್ಲಿನಡಿ ಸೇರುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಬೆಳಗ್ಗೆ ಬಂದು ಕಲ್ಲೆತ್ತಿದರೆ ಸಿಗುತ್ತಿತ್ತು. ಮುಂದೆ ಗದ್ದೆಗಳ ಮೇಲೆ ಕಟ್ಟಡ ಎದ್ದವು, ಹೊಂಡ ಮುಚ್ಚಿದವು. ಇನ್ನು ಹುಳ ಹಿಡಿಯಲಾರದ ಮಕ್ಕಳಿಗೂ ಆ ಸುಖ ಸಿಗಲಿ ಎಂದು ಅವನು ಗೇಮ್ ಫ್ರೀಕ್ ಸಂಸ್ಥೆಯ ಗೆಳೆಯರ ಜೊತೆ ಕಟ್ಟಿದ ಆಟ 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ಹೊರಬಂತು. ಎರಡು ಗೇಮ್ ಬಾಯ್ ಯಂತ್ರಗಳನ್ನು ಜೋಡಿಸುವ ತಂತಿಯನ್ನು ಕಂಡಾಗ ತಾಜಿರಿಗೆ ಅದರ ಮೇಲೆ ಹುಳ ಹರಿದು ಆಚೆ ಹೋಗುವ ಚಿತ್ರ ಕಣ್ಣಿಗೆ ಕಟ್ಟಿತಂತೆ. ಒಬ್ಬರ ಪ್ರಾಣಿಯನ್ನು ಇನ್ನೊಬ್ಬರಿಗೆ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಬಂದದ್ದು ಅಲ್ಲಿಂದ.

ಆ ಮೊದಲ ಆಟದಲ್ಲಿ 151 ಪ್ರಾಣಿಗಳು. ನಮ್ಮ ಹುಡುಗ ಆಡುತ್ತಿದ್ದದ್ದು 2022ರ ನವೆಂಬರ್ 18ರಂದು ಬಂದ ‘ಪೋಕೆಮಾನ್ ಸ್ಕಾರ್ಲೆಟ್’. ಅದರ ನಾಡಿನ ಹೆಸರು ಪಾಲ್ಡಿಯಾ. ಸ್ಪೇನ್, ಪೋರ್ಚುಗಲ್ ಇರುವ ಪರ್ಯಾಯ ದ್ವೀಪವನ್ನು ನೋಡಿ ಮಾಡಿದ್ದು. ಪಟ್ಟಿಯಲ್ಲಿ 400 ಪ್ರಾಣಿ. ಮೊದಲು ಈ ಊರು, ಆಮೇಲೆ ಆ ಊರು ಎಂಬ ಕಟ್ಟುಪಾಡಿಲ್ಲ. ಬೆಟ್ಟ ಹತ್ತಿ, ನದಿ ದಾಟಿ, ಮನಸ್ಸು ಬಂದ ಕಡೆ ಹೋಗಬಹುದು. ಇಂಥ ಆಟಕ್ಕೆ ಓಪನ್ ವರ್ಲ್ಡ್ ಅನ್ನುತ್ತಾರೆ. ನಾನು ಬಯಲು ನಾಡಿನ ಆಟ ಎಂದು ಕರೆಯುತ್ತೇನೆ.

ಅಷ್ಟು ದೊಡ್ಡ ನಾಡು ಅಂಗೈಯಗಲದ ಯಂತ್ರದೊಳಗೆ ಹೇಗೆ ಕೂತಿದೆ? ಹುಡುಗನಿಗೂ ಇದೇ ಪ್ರಶ್ನೆ. ಯಂತ್ರದ ಮೇಲ್ಗಡೆಯ ಮುಚ್ಚಳ ತೆರೆದು ಹೆಬ್ಬೆರಳುಗುರಿನಷ್ಟು ಕಾರ್ಡ್ ತೆಗೆದು ತೋರಿಸಿದ. ಅದನ್ನು ನಾಲಗೆಗೆ ತಾಕಿಸಿದರೆ ಬೇವಿಗಿಂತ ಕಹಿ. ಚಿಕ್ಕ ಮಕ್ಕಳು ನುಂಗದಿರಲೆಂದು ಕಂಪನಿಯವರೇ ಅದಕ್ಕೆ ಡೆನಟೋನಿಯಂ ಬೆಂಜೊಯೇಟ್ ಎಂಬ ಕಹಿವಸ್ತು ಸವರಿರುತ್ತಾರೆ.

ಆ ಕಾರ್ಡನ್ನು ಹಗೇವು ಅಂದುಕೊಳ್ಳಿ. ನಾಡಿನ ಪ್ರತಿ ಬಂಡೆ, ಹುಲ್ಲು, ಪ್ರಾಣಿಯ ರೂಪ ಅದರೊಳಗೆ ತುಂಬಿದೆ. ಆದರೆ ಹಗೇವಿನ ಜೋಳವನ್ನು ಅಲ್ಲೇ ಹಸನು ಮಾಡಲು ಬರುವುದಿಲ್ಲ. ಮೇಲೆ ತೆಗೆದು ಮೊರಕ್ಕೆ ಸುರಿದುಕೊಳ್ಳಬೇಕು. ಮೊರ ಎಂದರೆ ಯಂತ್ರದ 4 ಜಿಬಿ ನೆನಪು. 1989ರ ಗೇಮ್ ಬಾಯ್‌ಗೆ ಇದ್ದದ್ದು 8 ಕೆಬಿ. ಅದರ ಐದು ಲಕ್ಷ ಪಟ್ಟಿಗೂ ಹೆಚ್ಚು ಇದು. ಆದರೂ ಇಡೀ ಪಾಲ್ಡಿಯಾ ಒಂದೇ ಸಲ ಈ ಮೊರದಲ್ಲಿ ಹಿಡಿಯುವುದಿಲ್ಲ.

ಹಾಗಾಗಿ ಯಂತ್ರ ಮಾಡುವುದು ನಡೆಮಡಿ ಹಾಸುವವರ ಕೆಲಸ. ನಮ್ಮ ಕಡೆ ಪಲ್ಲಕ್ಕಿ ಊರೊಳಗೆ ಬರುವಾಗ ನೋಡಿರುತ್ತೀರಿ. ಇಡೀ ಓಣಿಗೆ ಆಗುವಷ್ಟು ಬಟ್ಟೆ ಯಾರ ಹತ್ತಿರವೂ ಇರುವುದಿಲ್ಲ. ಇರುವ ಎರಡು ಮೂರು ಮಡಿಬಟ್ಟೆಯನ್ನೇ ಮುಂದೆ ಹಾಸುತ್ತಾರೆ, ಪಲ್ಲಕ್ಕಿ ದಾಟಿದ ಮೇಲೆ ಹಿಂದಿನದನ್ನು ಎತ್ತಿಕೊಂಡು ಓಡಿ ಮತ್ತೆ ಮುಂದೆ ಹಾಸುತ್ತಾರೆ. ಹೊತ್ತವರ ಪಾದಕ್ಕೆ ಮಾತ್ರ ಊರಗುಂಟ ಬಟ್ಟೆಯೇ. ಆಟದ ನಾಡನ್ನೂ ಚೌಕ ಚೌಕ ತುಂಡು ಮಾಡಿರುತ್ತಾರೆ. ಆಟಗಾರ ನಿಂತ ತುಂಡು, ಸುತ್ತಲಿನ ತುಂಡುಗಳಷ್ಟೇ ಮೊರದಲ್ಲಿರುತ್ತವೆ. ಅವನು ಪೂರ್ವಕ್ಕೆ ನಡೆದಂತೆ ಪೂರ್ವದ ತುಂಡು ಕಾರ್ಡಿನಿಂದ ಮೇಲೆ ಬರುತ್ತದೆ, ಪಶ್ಚಿಮದ್ದು ಅಳಿಸಿಹೋಗುತ್ತದೆ.

ಹತ್ತಿರ ತಂದದ್ದನ್ನೂ ಎಲ್ಲವನ್ನೂ ಬಿಡಿಸುವುದಿಲ್ಲ. ಬೆನ್ನ ಹಿಂದಿನದನ್ನು ಬಿಡಿಸುವ ಗೊಡವೆಗೇ ಹೋಗುವುದಿಲ್ಲ. ದೂರದ್ದನ್ನು ಒರಟಾಗಿ ಬಿಡಿಸುತ್ತದೆ. ಅಫಜಲಪುರದ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ತೊಗರಿ ಹೊಲ ಒಂದು ಹಸಿರು ಚಾದರ. ಇಳಿದು ಬದುವಿಗೆ ಹೋದರೆ ಎಲೆ ಕಾಣುತ್ತದೆ, ಕುಕ್ಕರುಗಾಲಲ್ಲಿ ಕೂತರೆ ಕಾಯಿಯೊಳಗೆ ತಲೆ ಹಾಕಿದ ಕಾಯಿಕೊರಕ ಕಾಣುತ್ತದೆ. ನಿಜದ ಹೊಲದಲ್ಲಿ ನಾವು ನೋಡಲಿ ಬಿಡಲಿ ಹುಳ ತೊಗರಿ ತಿನ್ನುತ್ತಲೇ ಇರುತ್ತದೆ. ಆಟದಲ್ಲಿ ಹತ್ತಿರ ಹೋಗುವವರೆಗೆ ಎಲೆಯೂ ಇಲ್ಲ, ಹುಳವೂ ಇಲ್ಲ. ಒಂದೊಂದು ವಸ್ತುವಿಗೂ ನುಣುಪಾದ ರೂಪ, ಒರಟು ರೂಪ ಎಂದು ಎರಡು ಮೂರು ಮಾಡಿಟ್ಟು, ದೂರ ನೋಡಿ ಬದಲಿಸುತ್ತಾರೆ.

ಈ ಆಟದಲ್ಲಿ ಅದು ಬರಿಗಣ್ಣಿಗೇ ಸಿಗುತ್ತದೆ. ಆರ್ಟಜಾನ್ ಎಂಬ ಊರಲ್ಲಿ ದೊಡ್ಡ ಗಾಳಿಗಿರಣಿ ಇದೆ. ಹುಡುಗನಿಗೆ ದೂರದಲ್ಲೇ ನಿಂತು ಅದನ್ನು ನೋಡಲು ಹೇಳಿದೆ. ರೆಕ್ಕೆಗಳು ಹಳೇ ಗೋಡೆ ಗಡಿಯಾರದ ಮುಳ್ಳಿನಂತೆ ತಡೆದು ತಡೆದು ತಿರುಗುತ್ತಿದ್ದವು. ಹತ್ತಿರ ಹೋದಂತೆ ತಾನಾಗಿ ನುಣ್ಣಗಾದವು. “ಮಾಮಾ, ನಾ ಬಂದೀನಂತ ಅದಕ್ಕ ಗೊತ್ತಾತು!” ಎಂದ. ನಿಜವಾಗಿಯೂ ಗೊತ್ತಾಗಿತ್ತು. ಪರದೆಯ ಮೇಲೆ 9,21,600 ಚುಕ್ಕಿಗಳಿವೆ. ಸೆಕೆಂಡಿಗೆ 30 ಚಿತ್ರ ಎಂದರೆ ಒಂದು ಚಿತ್ರಕ್ಕೆ ಸಿಗುವ ಹೊತ್ತು 33 ಮಿಲಿಸೆಕೆಂಡ್. ಅಷ್ಟರೊಳಗೆ ಮುಗಿಯದ ಕೆಲಸವನ್ನು ದೂರದ ವಸ್ತುಗಳ ಪಾಲಿನಿಂದ ಕಡಿತ ಮಾಡುತ್ತಾರೆ. ಈ ಕಡಿತ ಕಣ್ಣಿಗೆ ಹೊಡೆಯುವಷ್ಟಿದೆ ಎಂದು ಆಡಿದವರು ಆಕ್ಷೇಪಿಸಿದ್ದು ನ್ಯಾಯವೇ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಯಂತ್ರದಲ್ಲಿ ಇದೇ ಆಟ ಸೆಕೆಂಡಿಗೆ 60 ಚಿತ್ರದಲ್ಲಿ ಓಡುತ್ತದೆ.

ಇಷ್ಟೆಲ್ಲ ಮಾಡಲು ಯಂತ್ರ ತಿನ್ನುವ ಕರೆಂಟ್ ಬಹಳ ಕಡಿಮೆ. ಹಳೆಯ ಸ್ವಿಚ್‌ನ ಬ್ಯಾಟರಿಯಲ್ಲಿ ಹಿಡಿಯುವುದು 16 ವ್ಯಾಟ್-ತಾಸು. ಭಾರಿ ಆಟ ಆಡಿದರೆ ಎರಡೂವರೆ ತಾಸು ಬರುತ್ತದೆ. ಲೆಕ್ಕ ಹಾಕಿದರೆ ಆರು ವ್ಯಾಟ್ ಚಿಲ್ಲರೆ. ಪಡಸಾಲೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಇದಕ್ಕಿಂತ ಹೆಚ್ಚು ಎಳೆಯುತ್ತದೆ. ಆದರೆ ಆ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುವುದರಿಂದ ಒಳಗೊಂದು ಪುಟ್ಟ ಫ್ಯಾನ್ ಇದೆ. ಯಂತ್ರವನ್ನು 5ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎಂಬುದು ತಯಾರಕರ ಸೂಚನೆ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟಿರುತ್ತದೆ. ಮಧ್ಯಾಹ್ನದ ಆ ಕಟ್ಟೆಯ ಮೇಲೆ ಫ್ಯಾನು ಗುಂಯ್‌ಗುಡುತ್ತಿತ್ತು. ಲಿಥಿಯಂ ಬ್ಯಾಟರಿಯ ಆಯಸ್ಸನ್ನು ತಿನ್ನುವುದು ಶಾಖವೇ. ಚಾರ್ಜಿಗೆ ಹಾಕಿಕೊಂಡು ಬಿಸಿಲು ಬಡಿಯುವ ಕಡೆ ಆಡುವುದನ್ನು ಬಿಡಿಸಿ.

ಈಗ ಪ್ರಾಣಿಗಳ ಮಾತು. ನಾಡಿನ ಒಂದೊಂದು ಜಾಗಕ್ಕೂ ಒಂದು ಪಟ್ಟಿ ಇರುತ್ತದೆ: ಇಲ್ಲಿ ಹುಲ್ಲಿನಲ್ಲಿ ಯಾವುದು, ನೀರಿನ ದಡದಲ್ಲಿ ಯಾವುದು, ರಾತ್ರಿ ಯಾವುದು, ಯಾವುದು ಹೆಚ್ಚು, ಯಾವುದು ಅಪರೂಪ. ಆಟಗಾರ ಹತ್ತಿರ ಬಂದಾಗ ಯಂತ್ರ ಆ ಪಟ್ಟಿ ತೆಗೆದು ಚೀಟಿ ಎತ್ತುತ್ತದೆ. ಬಂದ ಪ್ರಾಣಿಯನ್ನು ಬಿಟ್ಟು ದೂರ ಹೋದರೆ ಅದು ಇಲ್ಲವಾಗುತ್ತದೆ. ತಿರುಗಿ ಬಂದರೆ ಹೊಸ ಚೀಟಿ, ಹೊಸ ಪ್ರಾಣಿ. ಬುತ್ತಿ ಬಿಚ್ಚಿ ಊಟಕ್ಕೆ ಕೂತು ಎದ್ದರೂ ಸುತ್ತಲಿನ ಪ್ರಾಣಿಗಳೆಲ್ಲ ಬದಲಾಗಿರುತ್ತವೆ.

ಆದರೆ ಲೆಕ್ಕದ ಯಂತ್ರ ಚೀಟಿ ಎತ್ತುವುದು ಹೇಗೆ? ಅದಕ್ಕೆ ಹೇಳಿದ್ದನ್ನು ಹೇಳಿದಂತೆ ಮಾಡುವುದಷ್ಟೇ ಗೊತ್ತು. ಹುಡುಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾವು ಮಾಡಿದ ಲೆಕ್ಕ ನೀವೂ ಮಾಡಿ. ಒಂದು ಅಂಕಿ ಹಿಡಿಯಿರಿ, 7. ಅದನ್ನು 5ರಿಂದ ಗುಣಿಸಿ 3 ಕೂಡಿಸಿದರೆ 38. ಅದನ್ನು 16ರಿಂದ ಭಾಗಿಸಿದರೆ ಉಳಿಯುವುದು 6. ಈಗ 6ಕ್ಕೆ ಅದೇ ಲೆಕ್ಕ: ಉಳಿಯುವುದು 1. ಹೀಗೇ ಹೋದರೆ 8, 11, 10, 5, 12, 15, 14, 9, 0, 3, 2, 13, 4 ಬಂದು ಮತ್ತೆ 7. ಸೊನ್ನೆಯಿಂದ 15ರವರೆಗಿನ ಎಲ್ಲ ಅಂಕಿಯೂ ಒಂದೊಂದೇ ಸಲ, ಕಲಸಿದಂತೆ ಬಂದವು. ನೋಡಿದವರಿಗೆ ಗೊತ್ತುಗುರಿ ಇಲ್ಲದ ಸಾಲು. ನಿಯಮ ತಿಳಿದವರಿಗೆ ಮುಂದಿನ ಅಂಕಿ ಯಾವುದೆಂದು ನಿಖರವಾಗಿ ಗೊತ್ತು. 2004ರ ‘ಪೋಕೆಮಾನ್ ಎಮರಾಲ್ಡ್’ ಇದೇ ಲೆಕ್ಕವನ್ನು ದೊಡ್ಡದಾಗಿ ಮಾಡುತ್ತಿತ್ತು: ಗುಣಿಸುವ ಅಂಕಿ 1,10,35,15,245, ಕೂಡಿಸುವುದು 24,691. ಯಂತ್ರ ಹಚ್ಚಿದಾಗಲೆಲ್ಲ ಲೆಕ್ಕ ಸೊನ್ನೆಯಿಂದಲೇ ಶುರುವಾಗುತ್ತಿದ್ದುದರಿಂದ, ಎಷ್ಟನೇ ಗಳಿಗೆಗೆ ಗುಂಡಿ ಒತ್ತಿದರೆ ಯಾವ ಪ್ರಾಣಿ ಬರುತ್ತದೆಂದು ಜನ ಗಡಿಯಾರ ಹಿಡಿದು ಕಂಡುಕೊಂಡರು. ಪಂಚಾಂಗ ನೋಡಿ ಮಳೆ ಹೇಳಿದಂತಲ್ಲ ಇದು, ತಪ್ಪದೇ ಬರುತ್ತಿತ್ತು.

ಬೇರೆ ಬಣ್ಣದ ಹೊಳೆಯುವ ಪ್ರಾಣಿಗಾಗಿ ಮಕ್ಕಳು ದಿನಗಟ್ಟಲೆ ಹುಡುಕುತ್ತಾರೆ. ಪ್ರಾಣಿಯ ಗುಪ್ತ ಅಂಕಿಯನ್ನೂ ಆಟಗಾರನ ಗುಪ್ತ ಅಂಕಿಯನ್ನೂ ಬೆರೆಸಿದರೆ 0ಯಿಂದ 65,535ರೊಳಗೆ ಒಂದು ಅಂಕಿ ಬರುತ್ತದೆ. ಅದು 16ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೊಳೆಯುವ ಪ್ರಾಣಿ. ಅಂದರೆ 4,096ಕ್ಕೆ ಒಂದು. “ಹಂಗಾದ್ರ 4,096 ನೋಡಿದ್ರ ಒಂದು ಸಿಕ್ಕೇ ಸಿಗ್ತದ” ಎಂದ ಹುಡುಗ. ಸಿಕ್ಕೇ ಸಿಗುವುದಿಲ್ಲ. ಪ್ರತಿ ಚೀಟಿಯೂ ಹಿಂದಿನದನ್ನು ಮರೆತೇ ಏಳುತ್ತದೆ. ಅಷ್ಟು ನೋಡಿದ ನೂರು ಮಕ್ಕಳಲ್ಲಿ ಸುಮಾರು 63 ಮಂದಿಗೆ ಒಂದಾದರೂ ಸಿಕ್ಕಿರುತ್ತದೆ, 37 ಮಂದಿಯ ಕೈ ಬರಿದಾಗಿರುತ್ತದೆ. ಮಟಕಾ, ಲಾಟರಿಯಲ್ಲಿ ‘ಇಷ್ಟು ಸಲ ಹೋಯಿತು, ಇನ್ನು ಬರಲೇಬೇಕು’ ಎಂದು ಮನೆ ಕಳೆದುಕೊಂಡವರನ್ನು ನಮ್ಮ ತಾಲ್ಲೂಕುಗಳಲ್ಲಿ ಕಂಡವನು ನಾನು. ಈ ಒಂದು ಲೆಕ್ಕ ಮಗುವಿಗೆ ಹತ್ತನೇ ವಯಸ್ಸಿನಲ್ಲಿ ತಿಳಿದರೆ ಪೋಕೆಮಾನ್ ಆಟಕ್ಕೆ ಕೊಟ್ಟ ಹೊತ್ತು ದಂಡವಲ್ಲ ಎಂದು ನನ್ನ ಗಟ್ಟಿ ನಂಬಿಕೆ.

ಅಪ್ಪ ಹೇಳಿದ ಮಿರಗದ ಹುಳಕ್ಕೆ ಬರೋಣ. ಕಡುಗೆಂಪು ಮಖಮಲ್ಲಿನ ಗುಂಡಿಯಂಥ ಮೈ. ಹುಳ ಅನ್ನುತ್ತೇವಾದರೂ ಕಾಲು ಎಂಟು; ಜೇಡ, ಚೇಳುಗಳ ಬಳಗದ ನುಸಿ ಅದು. ವರ್ಷದ ಬಹುಭಾಗ ಮಣ್ಣಿನೊಳಗೇ ಇದ್ದು, ಮೊದಲ ದೊಡ್ಡ ಮಳೆಗೆ ನೆಲ ನೆನೆದಾಗ ಮೇಲೆ ಬರುತ್ತದೆ. ಬಂದ ಕೆಲವೇ ತಾಸಿನಲ್ಲಿ ಜೋಡಿ ಹುಡುಕಬೇಕು, ಹೊಟ್ಟೆ ತುಂಬಿಸಿಕೊಳ್ಳಬೇಕು. ಮರಿಗಳು ಮಿಡತೆಯಂಥ ಕೀಟಗಳ ಮೈಗೆ ಅಂಟಿ ರಸ ಹೀರುತ್ತವೆ, ದೊಡ್ಡವು ಕೀಟಗಳ ಮೊಟ್ಟೆ ತಿನ್ನುತ್ತವೆ. ರೈತನ ಕಡೆಯ ಜೀವ. ಕೆಂಪು ಬಣ್ಣ ‘ನನ್ನ ರುಚಿ ಕೆಟ್ಟದ್ದು’ ಎಂದು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ. ಚಿಕ್ಕವರಿದ್ದಾಗ ನಾವು ಇವನ್ನು ಕಡ್ಡಿಪೆಟ್ಟಿಗೆಗೆ ತುಂಬುತ್ತಿದ್ದೆವು. ಮರುದಿನ ತೆರೆದರೆ ಒಣಗಿ ಬಿದ್ದಿರುತ್ತಿದ್ದವು. ಆಟದ ಪ್ರಾಣಿ ಹೋದರೆ ಇನ್ನೊಂದು ಚೀಟಿ ಏಳುತ್ತದೆ. ಪೆಟ್ಟಿಗೆಯಲ್ಲಿ ಸತ್ತದ್ದರ ಮೊಟ್ಟೆ ಆ ಹೊಲಕ್ಕೆ ಬೀಳುವುದೇ ಇಲ್ಲ.

2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಂಬ್ರಿಡ್ಜಿನ ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರ ಪತ್ರವೊಂದು ಬಂತು. ಬ್ರಿಟನ್ನಿನ 109 ಶಾಲಾಮಕ್ಕಳಿಗೆ ಪೋಕೆಮಾನ್ ಚಿತ್ರಗಳನ್ನೂ ಅಲ್ಲಿನ ಸಾಮಾನ್ಯ ಗಿಡ, ಪ್ರಾಣಿಗಳ ಚಿತ್ರಗಳನ್ನೂ ತೋರಿಸಿ ಹೆಸರು ಕೇಳಿದ್ದರು. ಎಂಟು ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ಸುಮಾರು ನೂರಕ್ಕೆ 80ನ್ನು ಗುರುತಿಸಿದರು, ನಿಜದ ಜೀವಿಗಳಲ್ಲಿ ಸುಮಾರು ಅರ್ಧವನ್ನಷ್ಟೇ ಗುರುತಿಸಿದರು. ಇದನ್ನು ಮಕ್ಕಳ ಮೇಲಿನ ದೂರಾಗಿ ಓದಬಾರದು. ನೂರಾರು ಜೀವಿಗಳ ಹೆಸರು, ರೂಪ ನೆನಪಿಡುವ ಶಕ್ತಿ ಆ ತಲೆಗಳಲ್ಲಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಹೊಲದ ಹೆಸರುಗಳನ್ನು ಹೇಳಿಕೊಡಬೇಕಾದವರು ನಾವು, ಹೇಳಿಕೊಟ್ಟಿಲ್ಲ.

ಹೇಳಿಕೊಡಲು ನಮ್ಮ ನಾಡೇನು ಸಣ್ಣದಲ್ಲ. ಆಳಂದ ತಾಲ್ಲೂಕಿನ ಅಮರ್ಜಾ ಜಲಾಶಯದ ದಂಡೆಯಿಂದ ಹೊರಟು ಹೊಳೆಗುಂಟ ಇಳಿದರೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಅಮರ್ಜಾ ಭೀಮೆಗೆ ಸೇರುತ್ತದೆ, ಮುಂದೆ ಭೀಮೆ ಜೇವರ್ಗಿಯ ಕಟ್ಟಿಸಂಗಾವಿ ಸೇತುವೆಯ ಕೆಳಗೆ ಹಾಯುತ್ತದೆ. ನೀರು, ಕರಿ ಎರೆ ಹೊಲ, ಬೀಳುಭೂಮಿ, ಒಂದೊಂದರಲ್ಲೂ ಬೇರೆ ಬೇರೆ ಜೀವಿ. ಇದರ ಪಟ್ಟಿ ಯಾವ ಕಾರ್ಡಿನಲ್ಲೂ ಇಲ್ಲ.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ 7-8ರ ಸುಮಾರಿಗೆ. ಮೊದಲ ಮಳೆ ಬಿದ್ದ ಮರುದಿನ ಬೆಳಗ್ಗೆ ಮನೆಯ ಮಕ್ಕಳನ್ನು ಕರೆದುಕೊಂಡು ಬದುವಿಗೆ ಹೋಗಿ. ಹುಳ ಮುಟ್ಟುವುದು ಬೇಡ, ಫೋನಿನಲ್ಲಿ ಫೋಟೋ ತೆಗೆಯಿರಿ. ಊರು, ತಾರೀಖು, ಹೊತ್ತು, ಮಣ್ಣಿನ ಬಣ್ಣ ಬರೆದಿಡಿ. ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಹಾಕಿದರೆ ತಿಳಿದವರು ಹೆಸರು ಗುರುತಿಸಿ ಕೊಡುತ್ತಾರೆ. ತಡಮಾಡಬೇಡಿ, ಬಿಸಿಲು ಏರುವಷ್ಟರಲ್ಲಿ ಅವು ಮತ್ತೆ ಮಣ್ಣಿನೊಳಗೆ ಇಳಿದಿರುತ್ತವೆ.