ಇಂಗ್ಲಿಷ್ ವಾಕ್ಯರಚನೆಯಲ್ಲಿ ನಮ್ಮ ತಪ್ಪುಗಳು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಇಂಗ್ಲಿಷಿನಲ್ಲಿ ಬರೆಯಬೇಕೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಅಳುಕು ಹುಟ್ಟುವುದುಂಟು. ಹೇಳಬೇಕಾದ ವಿಷಯ ಗೊತ್ತಿರುತ್ತದೆ, ಪದಗಳೂ ತಕ್ಕಮಟ್ಟಿಗೆ ಗೊತ್ತಿರುತ್ತವೆ. ಆದರೆ ಅವುಗಳನ್ನು ಕೂಡಿಸಿ ವಾಕ್ಯ ಮಾಡಹೊರಟಾಗ ಏನೋ ಎಡವಟ್ಟಾಗುತ್ತದೆ. ಉತ್ತರಪತ್ರಿಕೆ ಕೆಂಪುಮಸಿಯಿಂದ ತುಂಬಿ ಹಿಂದಕ್ಕೆ ಬಂದಾಗ ‘ಇದು ನನ್ನಂಥವನಿಗೆ ಒಲಿಯುವ ವಿದ್ಯೆಯಲ್ಲ’ ಎಂದು ಕೈಚೆಲ್ಲುವವರೇ ಹೆಚ್ಚು. ಈ ನಿರಾಶೆಗೆ ಕಾರಣವಿಲ್ಲ. ಏಕೆಂದರೆ ಈ ತಪ್ಪುಗಳು ಲೆಕ್ಕವಿಲ್ಲದಷ್ಟು ಬಗೆಯವಲ್ಲ, ಐದಾರು ಬಗೆಯವು ಮಾತ್ರ. ಅವುಗಳಲ್ಲಿ ಹೆಚ್ಚಿನವು ದಡ್ಡತನದಿಂದ ಹುಟ್ಟಿದವೂ ಅಲ್ಲ. ಕನ್ನಡದ ಅಚ್ಚಿನಲ್ಲಿ ಇಂಗ್ಲಿಷನ್ನು ಎರಕ ಹೊಯ್ಯುವುದರಿಂದ ಹುಟ್ಟಿದವು.

ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಲಾಡೊ 1957ರಲ್ಲಿ ಪ್ರಕಟಿಸಿದ ‘ಲಿಂಗ್ವಿಸ್ಟಿಕ್ಸ್ ಅಕ್ರಾಸ್ ಕಲ್ಚರ್ಸ್’ ಎಂಬ ಗ್ರಂಥದಲ್ಲಿ, ಪರಭಾಷೆಯನ್ನು ಕಲಿಯುವವನು ತನ್ನ ತಾಯ್ನುಡಿಯ ರೂಪಗಳನ್ನು ಅದರೊಳಕ್ಕೆ ಸಾಗಿಸಿಕೊಂಡು ಹೋಗುತ್ತಾನೆಂಬುದನ್ನು ವಿವರಿಸಿದರು. ಎಲ್ಲ ತಪ್ಪುಗಳಿಗೂ ತಾಯ್ನುಡಿಯೇ ಕಾರಣವಲ್ಲವೆಂದು ಮುಂದೆ ತಿಳಿದುಬಂದಿತು. ತಪ್ಪು ಎಂಬುದು ಕಲಿಕೆ ನಡೆಯುತ್ತಿದೆ ಎಂಬುದರ ಗುರುತೆಂದು ಪಿಟ್ ಕಾರ್ಡರ್ ಎಂಬ ವಿದ್ವಾಂಸರು 1967ರಲ್ಲಿ ತೋರಿಸಿಕೊಟ್ಟರು. ಆದರೂ ನಮ್ಮ ನೋಟ್ ಪುಸ್ತಕಗಳನ್ನು ತೆರೆದು ನೋಡಿದರೆ ಲಾಡೊ ಅವರ ಮಾತಿಗೆ ಸಾಕ್ಷಿ ಪುಟಪುಟದಲ್ಲಿಯೂ ಸಿಗುತ್ತದೆ.

ಮೊದಲು ಎರಡು ಭಾಷೆಗಳ ಸ್ವಭಾವವನ್ನು ನೋಡೋಣ. ‘ರಾಮನು ಹುಲಿಯನ್ನು ಕೊಂದನು’ ಎಂದರೂ ‘ಹುಲಿಯನ್ನು ರಾಮನು ಕೊಂದನು’ ಎಂದರೂ ಸತ್ತದ್ದು ಹುಲಿಯೇ. ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿ ಪ್ರತ್ಯಯವು ಕಾವಲು ನಿಂತಿರುವುದರಿಂದ ಪದಗಳು ಸ್ಥಳ ಬದಲಾಯಿಸಿದರೂ ಅರ್ಥ ಕೆಡುವುದಿಲ್ಲ. ಈ ಪ್ರತ್ಯಯಗಳ ವ್ಯವಸ್ಥೆಯನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ್ದಾನೆ. ಇಂಗ್ಲಿಷಿನ ನಾಮಪದಗಳಿಗಾದರೋ ಇಂಥ ಕಾವಲಿಲ್ಲ. ಅಲ್ಲಿ ಪದ ನಿಂತ ಸ್ಥಳವೇ ಅದರ ವಿಭಕ್ತಿ. ‘ರಾಮ ಕಿಲ್ಡ್ ದಿ ಟೈಗರ್’ ಎಂಬುದನ್ನು ‘ದಿ ಟೈಗರ್ ಕಿಲ್ಡ್ ರಾಮ’ ಎಂದು ತಿರುಗಿಸಿದರೆ ರಾಮನ ಕಥೆ ಅಲ್ಲಿಗೇ ಮುಗಿಯಿತು!

ಇದರಿಂದ ಹುಟ್ಟುವ ಮೊದಲನೆಯ ತಪ್ಪು, ಕರ್ತೃವನ್ನೋ ಕ್ರಿಯಾಪದವನ್ನೋ ಬಿಡುವುದು. ‘ಬಂದೆನು’ ಎಂದರೆ ಸಾಕು, ಬಂದವನು ನಾನೇ ಎಂಬುದು ಕ್ರಿಯಾಪದದಿಂದಲೇ ತಿಳಿಯುತ್ತದೆ. ‘ಇವರು ನನ್ನ ಗುರುಗಳು’ ಎಂಬಲ್ಲಿ ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ ಎರಡೂ ಬೇಕು. ಮಳೆ ಬರುತ್ತಿದೆ ಎನ್ನಲು ‘ಈಸ್ ರೇನಿಂಗ್’ ಎಂದರಾಗದು. ಅರ್ಥವಿಲ್ಲದಿದ್ದರೂ ‘ಇಟ್’ ಎಂಬ ಕರ್ತೃವನ್ನು ತಂದು ಕೂಡಿಸಲೇಬೇಕು.

ಎರಡನೆಯದು ಅಪೂರ್ಣ ವಾಕ್ಯ. ‘ರೈತರು ಊರು ಬಿಟ್ಟರು. ಏಕೆಂದರೆ ಮಳೆ ಬರಲಿಲ್ಲ.’ ಕನ್ನಡದಲ್ಲಿ ಇವು ಎರಡು ನಿರ್ದುಷ್ಟ ವಾಕ್ಯಗಳು. ಇದನ್ನೇ ನಂಬಿ ‘ದಿ ಫಾರ್ಮರ್ಸ್ ಲೆಫ್ಟ್ ದಿ ವಿಲೇಜ್. ಬಿಕಾಸ್ ದಿ ರೇನ್ಸ್ ಫೇಲ್ಡ್.’ ಎಂದು ಬರೆದರೆ ಎರಡನೆಯದು ವಾಕ್ಯವೆನಿಸುವುದಿಲ್ಲ. ‘ಬಿಕಾಸ್’ ಎಂಬುದು ‘ಏಕೆಂದರೆ’ ಎಂಬ ಪದದಂತೆ ಸ್ವತಂತ್ರವಲ್ಲ. ‘ಬಾರದಿದ್ದುದರಿಂದ’ ಎಂಬಲ್ಲಿಯ ‘ಉದರಿಂದ’ ಎಂಬುದರ ಹಾಗೆ ಪರಾಧೀನ. ‘ಮಳೆ ಬಾರದಿದ್ದುದರಿಂದ’ ಎಂದು ಹೇಳಿ ಯಾರಾದರೂ ಎದ್ದುಹೋದರೆ ನಾವು ‘ಏನಾಯಿತು?’ ಎಂದು ಕೇಳುವುದಿಲ್ಲವೆ? ಇಂಗ್ಲಿಷ್ ಓದುಗನೂ ಹಾಗೆಯೇ ಕೇಳುತ್ತಾನೆ. ನಡುವಿನ ಪೂರ್ಣವಿರಾಮವನ್ನು ತೆಗೆದು ಎರಡನ್ನೂ ಒಂದು ಮಾಡಿದರೆ ದೋಷ ಕಳೆಯಿತು.

ಮೂರನೆಯದು ಇದಕ್ಕೆ ತದ್ವಿರುದ್ಧ, ಬೇರೆ ಬೇರೆ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಅಂಟಿಸುವುದು. ‘ದಿ ರೇನ್ಸ್ ಫೇಲ್ಡ್, ದಿ ಫಾರ್ಮರ್ಸ್ ಲೆಫ್ಟ್ ದಿ ವಿಲೇಜ್’ ಎಂಬುದು ಇದರ ಮಾದರಿ. ಕನ್ನಡದಲ್ಲಿ ಸಾಮಾನ್ಯವಾಗಿ ಪೂರ್ಣಕ್ರಿಯಾಪದವೇ ವಾಕ್ಯದ ಕೊನೆಯಲ್ಲಿ ನಿಂತು ‘ಇಲ್ಲಿಗೆ ಮುಗಿಯಿತು’ ಎಂದು ಸಾರುತ್ತದೆ. ನಮ್ಮ ಓಲೆಗರಿಯ ಗ್ರಂಥಗಳು ಅಲ್ಪವಿರಾಮ ಅರ್ಧವಿರಾಮಗಳಿಲ್ಲದೆಯೇ ಶತಮಾನಗಳನ್ನು ಕಳೆದವು. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುವುದರಿಂದ, ಬರಹದಲ್ಲಿ ಅಂತ್ಯವನ್ನು ಸಾರುವ ಕೆಲಸ ಚಿಹ್ನೆಯ ಪಾಲಿಗೆ ಬಿದ್ದಿದೆ. ಆ ಭಾರವನ್ನು ಅಲ್ಪವಿರಾಮ ಒಂದೇ ಹೊರಲಾರದು. ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಇಡಬಹುದು; ಅಥವಾ ಅಲ್ಪವಿರಾಮದ ಮುಂದೆ ‘ಸೋ’ ಎಂಬ ಪದವನ್ನು ಸೇರಿಸಬಹುದು. ‘ಹೌಎವರ್’, ‘ದೇರ್‌ಫೋರ್’ ಎಂಬವು ಕೂಡಿಸುವ ಪದಗಳಂತೆ ಕಂಡರೂ ಅಂಥವಲ್ಲ. ಅವು ಹೊಸ ವಾಕ್ಯವನ್ನು ಆರಂಭಿಸಿದಾಗ ಅವುಗಳ ಹಿಂದೆ ಪೂರ್ಣವಿರಾಮವೋ ಅರ್ಧವಿರಾಮವೋ ಇರಬೇಕು.

ನಾಲ್ಕನೆಯದು ಕರ್ತೃ ತಪ್ಪಿದ ಕೃದಂತ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ಕನ್ನಡ ಇದನ್ನು ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಇಂಥ ಕ್ರಿಯೆಗೂ ಮುಂದಿನ ಕ್ರಿಯೆಗೂ ಕರ್ತೃ ಒಬ್ಬನೇ ಇರಬೇಕು. ‘ವಾಕಿಂಗ್ ಟು ಕಾಲೇಜ್, ದಿ ರೇನ್ ಬಿಗ್ಯಾನ್’ ಎಂದರೆ ಕಾಲೇಜಿಗೆ ನಡೆದುಬಂದದ್ದು ಮಳೆಯೇ ಎಂದಾಗುತ್ತದೆ! ‘ವೈಲ್ ಐ ವಾಸ್ ವಾಕಿಂಗ್ ಟು ಕಾಲೇಜ್, ದಿ ರೇನ್ ಬಿಗ್ಯಾನ್’ ಎನ್ನಬೇಕು.

ಐದನೆಯದು ಪ್ರಶ್ನೆಯನ್ನು ವಾಕ್ಯದೊಳಗೆ ಅಡಗಿಸುವಾಗ ಆಗುವ ತಪ್ಪು. ನಮ್ಮ ‘ಎಂದು’ ಬಲು ಉದಾರಿ. ಆಡಿದ ಮಾತನ್ನು ಆಡಿದಂತೆಯೇ ಒಳಗೆ ಬಿಟ್ಟುಕೊಳ್ಳುತ್ತದೆ. ‘ನೀನು ಎಲ್ಲಿಗೆ ಹೋಗುತ್ತೀ ಎಂದು ಕೇಳಿದನು’ ಎನ್ನುತ್ತೇವೆ. ಇದೇ ಧಾಟಿಯಲ್ಲಿ ‘ಹೀ ಆಸ್ಕ್ಡ್ ಮೀ ವೇರ್ ಆರ್ ಯೂ ಗೋಯಿಂಗ್’ ಎಂದು ಬರೆಯುತ್ತೇವೆ. ‘ವೇರ್ ಐ ವಾಸ್ ಗೋಯಿಂಗ್’ ಎಂಬುದು ಸರಿ. ಒಳಸೇರಿದ ಪ್ರಶ್ನೆಯಲ್ಲಿ ಕರ್ತೃ ಮೊದಲು, ಕ್ರಿಯೆ ಆಮೇಲೆ.

ಉಳಿದವನ್ನು ಸಂಕ್ಷೇಪವಾಗಿ ಹೇಳಬಹುದು. ‘ಯದ್ಯಪಿ-ತಥಾಪಿ’, ‘ಯಾವಾಗ-ಆಗ’ ಎಂಬ ಜೋಡಿಗಳಿಗೆ ಒಗ್ಗಿದ ನಮ್ಮ ಕೈ ‘ಆಲ್ದೋ’ ಬಂದಲ್ಲಿ ‘ಬಟ್’ ಎಂಬುದನ್ನೂ ಎಳೆದುತರುತ್ತದೆ. ಒಂದಿದ್ದರೆ ಇನ್ನೊಂದು ಬೇಡ. ‘ದಿ ಪ್ರೈಸ್ ಆಫ್ ಬುಕ್ಸ್ ಆರ್ ಹೈ’ ಎಂಬಲ್ಲಿ ಕರ್ತೃ ಬೆಲೆಯೇ ಹೊರತು ಪುಸ್ತಕಗಳಲ್ಲ. ಆದುದರಿಂದ ‘ಈಸ್’ ಬೇಕು.

ಇವನ್ನೆಲ್ಲ ಗುರುತಿಸಲು ಸುಲಭವಾದ ಉಪಾಯವೊಂದಿದೆ. ಪ್ರತಿ ವಾಕ್ಯದಲ್ಲಿಯೂ ಪೂರ್ಣಕ್ರಿಯಾಪದಗಳ ಅಡಿಯಲ್ಲಿ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ‘ಯಾರು? ಯಾವುದು?’ ಎಂದು ಕೇಳಿ ಕರ್ತೃವನ್ನು ಹುಡುಕಿರಿ. ಬಳಿಕ ಅವುಗಳನ್ನು ಕೂಡಿಸುವ ಕೀಲುಗಳನ್ನು ಎಣಿಸಿರಿ. ಎರಡು ಉಪವಾಕ್ಯಗಳಿಗೆ ಒಂದು ಕೀಲು, ಮೂರಕ್ಕೆ ಎರಡು. ಕೀಲು ಕಡಮೆಯಾದರೆ ಅಂಟಿಸಿದ ವಾಕ್ಯ, ಒಂದೇ ಉಪವಾಕ್ಯಕ್ಕೆ ‘ಬಿಕಾಸ್’ನಂಥ ಕೀಲು ಸಿಕ್ಕಿದ್ದರೆ ಅಪೂರ್ಣ ವಾಕ್ಯ, ಎರಡಕ್ಕೆ ಎರಡಾದರೆ ‘ಆಲ್ದೋ-ಬಟ್’ ದೋಷ. ಅರ್ಧವಿರಾಮವನ್ನೂ ಕೀಲೆಂದೇ ಎಣಿಸಬಹುದು. ‘ದ್ಯಾಟ್’ ಎಂಬುದು ಕೆಲವೆಡೆ ಲೋಪವಾಗಿ ಅಡಗಿರುತ್ತದೆಂಬುದನ್ನು ಮಾತ್ರ ನೆನಪಿಡಬೇಕು.

ವಿದ್ಯಾರ್ಥಿವೇತನಕ್ಕಾಗಿ ಬರೆದ ಅರ್ಜಿಯೊಂದನ್ನು ಊಹಿಸಿಕೊಳ್ಳೋಣ: ‘ಮೈ ಫಾದರ್ ವರ್ಕ್ಸ್ ಫಾರ್ ಡೈಲಿ ವೇಜಸ್, ಹೀ ಕೆನಾಟ್ ಪೇ ದಿ ಫೀ. ಬಿಕಾಸ್ ಹೀ ಫೆಲ್ ಫ್ರಂ ಎ ಟ್ರೀ. ಬೀಯಿಂಗ್ ಇಂಜರ್ಡ್, ದಿ ಡಾಕ್ಟರ್ ಹ್ಯಾಸ್ ಆಸ್ಕ್ಡ್ ಹಿಂ ಟು ರೆಸ್ಟ್.’ ಇಲ್ಲಿ ಮರದಿಂದ ಬಿದ್ದವರು ತಂದೆ, ಗಾಯಗೊಂಡವರು ಡಾಕ್ಟರು! ಉಪಾಯವನ್ನು ಪ್ರಯೋಗಿಸಿದರೆ ಹೀಗಾಗುತ್ತದೆ: ‘ಮೈ ಫಾದರ್ ವರ್ಕ್ಸ್ ಫಾರ್ ಡೈಲಿ ವೇಜಸ್. ಹೀ ಕೆನಾಟ್ ಪೇ ದಿ ಫೀ ಬಿಕಾಸ್ ಹೀ ಫೆಲ್ ಫ್ರಂ ಎ ಟ್ರೀ. ಆಸ್ ಹೀ ಈಸ್ ಇಂಜರ್ಡ್, ದಿ ಡಾಕ್ಟರ್ ಹ್ಯಾಸ್ ಆಸ್ಕ್ಡ್ ಹಿಂ ಟು ರೆಸ್ಟ್.’ ಹೊಸ ಪದಗಳು ಸೇರಿದ್ದು ಮೂರೇ. ಅರ್ಜಿಯ ಮುಖವೇ ಬೇರೆಯಾಯಿತು.

ಇದು ಬರಿಯ ಅಂಕಗಳ ಮಾತಲ್ಲ. ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ಮೊದಲಿಗರು. ಈ ಲೇಖಕನೂ ಅವರಲ್ಲೊಬ್ಬ. ನಮ್ಮ ಬರಹವನ್ನು ತಿದ್ದಿಕೊಡಲು ಮನೆಯಲ್ಲಿ ಯಾರೂ ಇಲ್ಲ. ಅದೂ ಅಲ್ಲದೆ, ವಿಮಾ ಕಂಪನಿಯಿಂದಲೋ ಬ್ಯಾಂಕಿನಿಂದಲೋ ಇಂಗ್ಲಿಷ್ ಕಾಗದ ಬಂದರೆ ನೆರೆಹೊರೆಯವರೂ ಉತ್ತರ ಬರೆಸಲು ನಮ್ಮ ಬಳಿಗೇ ಬರುತ್ತಾರೆ. ಅದನ್ನು ಓದುವ ಅಧಿಕಾರಿಗೆ ಅವರ ಕಷ್ಟ ಕಾಣದು, ನಮ್ಮ ವಾಕ್ಯ ಮಾತ್ರ ಕಾಣುತ್ತದೆ. ಈಗ ಕಂಪ್ಯೂಟರೂ ಮೊಬೈಲೂ ತಪ್ಪಿನ ಅಡಿಯಲ್ಲಿ ತಾವೇ ಗೆರೆ ಎಳೆಯುತ್ತವೆ, ನಿಜ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಗೆರೆ ಎಳೆಯುವವರು ಯಾರು?

ಕೊನೆಯದಾಗಿ ಒಂದು ಮಾತು. ಇಂಗ್ಲಿಷಿನ ತಪ್ಪಿಗೆ ಕಾರಣ ಹುಡುಕುತ್ತ ಹೋದಂತೆ ನಮ್ಮ ಕನ್ನಡದ ವಿಭಕ್ತಿ, ಕೃದಂತ, ‘ಎಂದು’ಗಳ ಸೊಗಸೂ ನಮಗೆ ತಿಳಿಯತೊಡಗುತ್ತದೆ. ಒಂದು ಭಾಷೆಯ ಸಲುವಾಗಿ ಪಟ್ಟ ಶ್ರಮಕ್ಕೆ ಎರಡು ಭಾಷೆಗಳ ಫಲ ದೊರೆಯುವುದಾದರೆ ಆ ಶ್ರಮ ವ್ಯರ್ಥವಲ್ಲ. ವಿದ್ಯಾರ್ಥಿಮಿತ್ರರು ದಿನಕ್ಕೆ ಹತ್ತು ವಾಕ್ಯಗಳನ್ನಾದರೂ ಬರೆದು, ಗೆರೆ ಎಳೆದು, ಕೀಲು ಎಣಿಸಿ ನೋಡಲಿ.