ಮಕ್ಕಳ ಸ್ವಲೀನತೆ: ಮನೆ ಮತ್ತು ಸಮಾಜದ ಪಾತ್ರ

ಮಗುವಿನ ಮೊದಲ ನಗು, ಮೊದಲ ಹೆಜ್ಜೆ, ಮೊದಲ ತೊದಲ್ನುಡಿ ಇವೆಲ್ಲವೂ ಮನೆಮಂದಿಗೆ ಹಬ್ಬವೇ ಸರಿ. ಆದರೆ ಎರಡು ವರ್ಷ ತುಂಬಿದರೂ ಮಗು ಮಾತನಾಡದೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡದೆ, ಓರಗೆಯ ಮಕ್ಕಳೊಡನೆ ಬೆರೆಯದೆ, ಆಟದ ಬಂಡಿಯ ಗಾಲಿಯೊಂದನ್ನೇ ತಿರುಗಿಸುತ್ತ ಗಂಟೆಗಟ್ಟಲೆ ಕುಳಿತರೆ ಹಿರಿಯರಿಗೆ ಕಳವಳವಾಗುವುದು ಸಹಜ. ಇಂತಹ ಲಕ್ಷಣಗಳುಳ್ಳ ಬೆಳವಣಿಗೆಯ ಭೇದವನ್ನು ವೈದ್ಯಶಾಸ್ತ್ರವು 'ಆಟಿಸಂ' ಎಂದು ಕರೆಯುತ್ತದೆ. ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದ ರೂಢಿಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರು ಸ್ವಲೀನತೆಯುಳ್ಳವರು. ಚಿಕಿತ್ಸೆಯ ವಿಚಾರವನ್ನು ವೈದ್ಯರಿಗೇ ಬಿಟ್ಟು, ಇದರಲ್ಲಿ ಸಮಾಜ ಮತ್ತು ಸಂಸ್ಕೃತಿಗಳ ಪಾತ್ರವೇನೆಂಬುದನ್ನು ಠಾಕುರ್ಲಿ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಕುಟುಂಬಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸಲಾಗಿದೆ.

ತಾಯಿಯ ಮೇಲೆ ಹೊರಿಸಿದ ಅಪವಾದ

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ಮೊದಲ ಬಾರಿಗೆ ವಿಶದವಾಗಿ ವರ್ಣಿಸಿದರು. ಆ ಮಕ್ಕಳ ತಂದೆ ತಾಯಿಗಳಲ್ಲಿ ಬಹುಮಂದಿ ಸುಶಿಕ್ಷಿತರಾಗಿದ್ದುದರಿಂದ, ಇದು ವಿದ್ಯಾವಂತರ ಮನೆಯ ತೊಂದರೆಯೆಂಬ ಭಾವನೆ ಬಹುಕಾಲ ಉಳಿಯಿತು. ವಾಸ್ತವವಾಗಿ ಅಂತಹ ತಜ್ಞರ ಬಾಗಿಲಿಗೆ ತಲಪಬಲ್ಲವರು ಅವರಷ್ಟೇ ಆಗಿದ್ದರು. ಮುಂದೆ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಪ್ರಬಲವಾಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದನ್ನು ಗ್ರಂಥರೂಪದಲ್ಲಿ ಪ್ರಚಾರ ಮಾಡಿದರು. ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಈ ವಾದವನ್ನು ಖಂಡಿಸಿದ್ದರು. 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟ್ಟರ್ ಅವಳಿ ಮಕ್ಕಳನ್ನು ಅಭ್ಯಸಿಸಿ, ಇದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದೆಂದು ತೋರಿಸಿಕೊಟ್ಟರು. ಲಸಿಕೆಯಿಂದ ಸ್ವಲೀನತೆ ಬರುತ್ತದೆಂದು 1998ರಲ್ಲಿ ಹಬ್ಬಿದ ಸುದ್ದಿಯ ಮೂಲಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಆದುದರಿಂದ ಒಂದು ಮಾತು ಸ್ಪಷ್ಟ. ಮಗುವನ್ನು ಬೆಳೆಸಿದ ರೀತಿಯಿಂದಾಗಲಿ, ತಾಯಿ ನೌಕರಿಗೆ ಹೋಗುವುದರಿಂದಾಗಲಿ ಸ್ವಲೀನತೆ ಉಂಟಾಗುವುದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಬೊಟ್ಟು ಮಾಡುವ ಬೆರಳು ಮೊದಲು ಸೊಸೆಯ ಕಡೆಗೇ ತಿರುಗುತ್ತದೆ. ವಿಜ್ಞಾನವು ಅರ್ಧ ಶತಮಾನದ ಹಿಂದೆಯೇ ಕೈಬಿಟ್ಟ ಅಪವಾದವನ್ನು ನಾವಿನ್ನೂ ಹೊತ್ತು ತಿರುಗುವುದು ಉಚಿತವಲ್ಲ.

ಅರಬ್ ನಾಡು ಮತ್ತು ನಮ್ಮ ನಾಡು

ಏಪ್ರಿಲ್ 2ನ್ನು ವಿಶ್ವ ಸ್ವಲೀನತಾ ಜಾಗೃತಿ ದಿನವೆಂದು ಆಚರಿಸುವ ನಿರ್ಣಯವನ್ನು 2007ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟುದು ಅರಬ್ ರಾಷ್ಟ್ರವಾದ ಕತಾರ್. ಅರಬ್ ಸಮಾಜದಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೊಡನೆಯೂ ವಿವಾಹ ನಡೆಯುವ ರೂಢಿಯುಂಟು. ನಮ್ಮಲ್ಲಿ ಸೋದರಮಾವ ಮತ್ತು ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯುಂಟು. ರಕ್ತಸಂಬಂಧದ ವಿವಾಹಗಳಲ್ಲಿ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚು. ಆದರೆ ಸ್ವಲೀನತೆಯುಳ್ಳ ಬಹುಪಾಲು ಮಕ್ಕಳು ಬೇರೆ ಬೇರೆ ವಂಶದ ದಂಪತಿಗಳಿಗೇ ಹುಟ್ಟುತ್ತಾರಾದ್ದರಿಂದ ಇದೊಂದನ್ನೇ ಕಾರಣವೆಂದು ತಿಳಿಯಲಾಗದು. ದೃಷ್ಟಿಯ ಭಯ, ನೆರೆಹೊರೆಯವರ ನಾಲಗೆಯ ಅಂಜಿಕೆ, ಮಗುವಿನ ಅಕ್ಕತಂಗಿಯರ ಮದುವೆಯ ಚಿಂತೆ ಇವು ಎರಡೂ ಸಮಾಜಗಳಲ್ಲಿ ಸಮಾನ. ಇವು ಸ್ವಲೀನತೆಯನ್ನು ತರುವುದಿಲ್ಲ, ಅದನ್ನು ಮರೆಮಾಚುತ್ತವೆ.

ವಿಳಂಬವೇ ನಷ್ಟ

'ಗಂಡುಮಕ್ಕಳು ತಡವಾಗಿಯೇ ಮಾತನಾಡುತ್ತಾರೆ', 'ಇವರಪ್ಪನೂ ಹೀಗೆಯೇ ಇದ್ದ' ಎಂಬ ಹಿರಿಯರ ಸಮಾಧಾನದ ನುಡಿಗಳಲ್ಲಿ ಅಮೂಲ್ಯವಾದ ಒಂದೆರಡು ವರ್ಷಗಳು ಕಳೆದುಹೋಗುತ್ತವೆ. ನಾಲಗೆಗೆ ಬಜೆ ತೇಯ್ದು ಹಚ್ಚುವುದು, ಕುಲದೇವರಿಗೆ ಹರಕೆ ಹೊರುವುದು ಮನಸ್ಸಿಗೆ ನೆಮ್ಮದಿ ನೀಡಬಹುದು; ಆದರೆ ಅವು ಪರೀಕ್ಷೆಗೆ ಬದಲಾಗಲಾರವು. ಹಿರಿಯರ ಮುಖವನ್ನು ದಿಟ್ಟಿಸದಿರುವುದು ನಮ್ಮಲ್ಲಿ ವಿನಯ. ಹೆಣ್ಣುಮಗು ಮೂಲೆಯಲ್ಲಿ ಮೌನವಾಗಿ ಕುಳಿತರೆ ಅದು ಗುಣ. ಇದರಿಂದಾಗಿ ಲಕ್ಷಣವೇ ಸದ್ಗುಣವೆನಿಸಿಕೊಳ್ಳುವ ಅಪಾಯವುಂಟು. ತಂದೆ ಬೆಳಗಿನ ಲೋಕಲ್ ಹಿಡಿದು ರಾತ್ರಿ ಮರಳುವ ನಮ್ಮ ಉಪನಗರಗಳಲ್ಲಿ ಮಗುವನ್ನು ಎಚ್ಚರದಲ್ಲಿ ನೋಡುವುದು ಭಾನುವಾರ ಮಾತ್ರ.

ಒಂದು ವರ್ಷಕ್ಕೆ ಹೆಸರಿಗೆ ಓಗೊಡದಿರುವುದು, ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸದಿರುವುದು, ಹದಿನಾರು ತಿಂಗಳಾದರೂ ಒಂದು ಪದವನ್ನೂ ಆಡದಿರುವುದು, ಎರಡು ವರ್ಷಕ್ಕೆ ಎರಡು ಪದಗಳನ್ನು ಜೋಡಿಸದಿರುವುದು, ಬಂದ ಮಾತು ನಿಂತುಹೋಗುವುದು ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ವೈದ್ಯರನ್ನು ಕಾಣತಕ್ಕದ್ದು. ಸಾಲದ ಬಡ್ಡಿಯಂತೆ ವಿಳಂಬದ ಬೆಲೆಯೂ ದಿನೇದಿನೇ ಏರುತ್ತದೆ.

ಮಾತೃಭಾಷೆಯ ಪ್ರಶ್ನೆ

ಮನೆಯಲ್ಲಿ ಕನ್ನಡ ಅಥವಾ ತುಳು, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು: ಇದು ನಮ್ಮ ಮಕ್ಕಳ ಪಾಡು. ಹಲವು ಭಾಷೆಗಳ ಗೊಂದಲದಿಂದ ಮಗು ಮಾತನಾಡುತ್ತಿಲ್ಲವೆಂದು ಭಾವಿಸಿ ಕಾಯುವವರುಂಟು. ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿ ಹರಕುಮುರುಕು ಇಂಗ್ಲಿಷಿನಲ್ಲಿ ಮಾತನಾಡಿಸುವವರೂ ಉಂಟು. ಎರಡೂ ಸರಿಯಲ್ಲ. ಎರಡು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಸ್ವಲೀನ ಮಕ್ಕಳ ನುಡಿಗೆ ಹಾನಿಯಾಗುವುದಿಲ್ಲವೆಂದು ಅನೇಕ ಅಧ್ಯಯನಗಳು ತಿಳಿಸಿವೆ. ತಾಯಿ ತನಗೆ ಸಹಜವಾದ ನುಡಿಯಲ್ಲಿ ಲಾಲಿಸಿದಾಗಲೇ ಮಗುವಿಗೆ ಮಾತಿನೊಡನೆ ಮುಖಭಾವವೂ ದೊರೆಯುತ್ತದೆ. ಕನ್ನಡವನ್ನು ಕಿತ್ತುಕೊಂಡರೆ ಅಜ್ಜ ಅಜ್ಜಿಯರೊಡನೆ ಇರುವ ಬಾಂಧವ್ಯವನ್ನೂ ಕಿತ್ತುಕೊಂಡಂತೆ.

ನೆರವು, ಕಾನೂನು ಮತ್ತು ಹಣಕಾಸು

ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಮಾತು ಮತ್ತು ಶ್ರವಣದ ತೊಂದರೆಗಳಿಗಾಗಿ ಇದೆ. ಮುಂಬಯಿಯಲ್ಲಿ 2001ರಲ್ಲಿ ಆರಂಭವಾದ 'ಉಮೀದ್' ಮಕ್ಕಳ ಬೆಳವಣಿಗೆಯ ಕೇಂದ್ರವಾಗಿದೆ. ಊರಿಗೆ ಹೋದಾಗ ಕನ್ನಡದಲ್ಲಿಯೇ ತಪಾಸಣೆ ಬಯಸುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ.

1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಹಾಗೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಎರಡರಲ್ಲಿಯೂ ಸ್ವಲೀನತೆ ಸೇರಿದೆ. ನ್ಯಾಸದ 'ನಿರಾಮಯ' ವಿಮಾ ಯೋಜನೆಯಲ್ಲಿ 1 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯುಂಟು. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ಪೋಷಕರಿಗೆ, ಪ್ರಮಾಣಪತ್ರವಿದ್ದಲ್ಲಿ, ಆದಾಯದಿಂದ 75,000 ರೂಪಾಯಿಗಳ ಕಡಿತವೂ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿಗಳ ಕಡಿತವೂ ದೊರೆಯುತ್ತದೆ.

ಬ್ಯಾಂಕಿನ ಉದ್ಯೋಗದಲ್ಲಿರುವವನಾಗಿ ಇನ್ನೊಂದು ವಿಷಯವನ್ನು ಒತ್ತಿ ಹೇಳಬಯಸುತ್ತೇನೆ. ಮಗುವಿಗೆ 18 ವರ್ಷ ತುಂಬಿದೊಡನೆ ತಂದೆ ತಾಯಿಗಳ ಸಹಜ ಪಾಲಕತ್ವ ಕೊನೆಗೊಳ್ಳುತ್ತದೆ. ಆ ಬಳಿಕ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರದವರ ಪರವಾಗಿ ಖಾತೆ ನಡೆಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಪ್ರಮಾಣಪತ್ರವನ್ನು ಪಡೆಯಬಹುದು. ರಿಸರ್ವ್ ಬ್ಯಾಂಕು ಇದನ್ನು ಮಾನ್ಯ ಮಾಡಿದೆ. 'ನಮ್ಮ ನಂತರ ಯಾರು?' ಎಂಬ ಪ್ರಶ್ನೆಗೆ ಉತ್ತರವನ್ನು ಉಯಿಲಿನಲ್ಲಿ ಹಾಗೂ ಕಾಗದಪತ್ರಗಳಲ್ಲಿ ಬದುಕಿರುವಾಗಲೇ ಬರೆದಿಡುವುದು ವಿವೇಕ.

ಕೊನೆಗೆ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಇಂತಹ ಮಗುವನ್ನು ಕರೆತಂದ ದಂಪತಿಗಳನ್ನು ನೆಟ್ಟ ನೋಟದಿಂದ ಹಿಮ್ಮೆಟ್ಟಿಸಬೇಡಿ. ಧ್ವನಿವರ್ಧಕದಿಂದ ದೂರವಾದ ಒಂದು ಮೂಲೆಯಲ್ಲಿ ಅವರಿಗೆ ನಾಲ್ಕು ಕುರ್ಚಿಗಳನ್ನು ಹಾಕಿಸಿರಿ. ಅಷ್ಟನ್ನು ಮಾಡಲು ವೈದ್ಯರೇ ಬೇಕಾಗಿಲ್ಲ.