ನೋಯದ ಗಂಟು

ಹಿಡಕಲ್ ಜಲಾಶಯದ ನೀರು ಹುಕ್ಕೇರಿ, ಗೋಕಾಕ, ಮೂಡಲಗಿಗಳ ಕಬ್ಬಿನ ಹೊಲಗಳಿಗೆ ಹರಿಯುವುದನ್ನು ಈ ಭಾಗದ ಕೇಳುಗರೆಲ್ಲ ಬಲ್ಲರು. ನೀರುಣಿಸುವ ಕಾಲುವೆಯಷ್ಟೇ, ಹೆಚ್ಚಿನ ನೀರನ್ನು ಹೊರಗೊಯ್ಯುವ ಬಸಿಗಾಲುವೆಯೂ ಹೊಲಕ್ಕೆ ಅವಶ್ಯ. ನಮ್ಮ ದೇಹದಲ್ಲಿಯೂ ಅಂಥದೊಂದು ಬಸಿಗಾಲುವೆಯ ಜಾಲವಿದೆ. ಅದರಲ್ಲಿ ಹರಿಯುವುದು ದುಗ್ಧರಸ. ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಅದನ್ನು ಸೋಸುವ ಗ್ರಂಥಿಗಳಿವೆ. ಅಲ್ಲಿ ರೋಗಾಣುಗಳನ್ನು ಎದುರಿಸಲು ಕಾವಲಿರುವ ಪಡೆಗಳಲ್ಲಿ ಬಿ ಜೀವಕೋಶಗಳದೂ ಒಂದು. ಕಾವಲಿನವನೇ ಹದ್ದುಮೀರಿ ಬೆಳೆಯತೊಡಗಿದರೆ ಅದು ಬಿ ಜೀವಕೋಶದ ಲಿಂಫೋಮಾ, ಒಂದು ಬಗೆಯ ಕ್ಯಾನ್ಸರು.

ಕೆಲವು ವರ್ಷಗಳ ಹಿಂದೆ ಮೂಡಲಗಿಯ ಕಡೆಯ ರೈತರೊಬ್ಬರು ನನ್ನಲ್ಲಿಗೆ ಬಂದರು. ಕತ್ತಿನ ಗಂಟು ನಿಂಬೆಹಣ್ಣಿನಷ್ಟಾಗಿತ್ತು. “ನೋಯೂದಿಲ್ಲರೀ ಸಾಹೇಬರ, ಅದಕ್ಕ ಹಂಗ ಬಿಟ್ಟಿದ್ದೆ” ಎಂದರು. ಜ್ವರ, ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ಇಳಿಯುತ್ತಿದ್ದ ತೂಕ. ಕ್ಷಯದಲ್ಲಿಯೂ ಇವೇ ಲಕ್ಷಣಗಳು. ನಾನು ಅದನ್ನು ಗಂಡಮಾಲೆಯೆಂದು, ಅಂದರೆ ಗ್ರಂಥಿಯ ಕ್ಷಯವೆಂದು ಬಗೆದು ಮಾತ್ರೆ ಕೊಟ್ಟೆ. ಎರಡು ತಿಂಗಳಾದರೂ ಗಂಟು ಕರಗಲಿಲ್ಲ, ಬೆಳೆಯಿತು. ಆಗ ಬಯಾಪ್ಸಿ ಮಾಡಿಸಿದೆ. ಕಳೆದ ಆ ಎರಡು ತಿಂಗಳ ಹೊಣೆ ನನ್ನದೇ.

ನೋವಿಲ್ಲವೆಂಬುದು ನಿರಪಾಯದ ಗುರುತಲ್ಲ. ಮೂರು ನಾಲ್ಕು ವಾರಗಳಾದರೂ ಇಳಿಯದ ಗಂಟನ್ನು ವೈದ್ಯರಿಗೆ ತೋರಿಸಬೇಕು. ಸೂಜಿಯಿಂದ ಹೀರಿದ ಹನಿಯೊಂದೇ ನಿರ್ಣಯಕ್ಕೆ ಸಾಲದು. ಸಾಧ್ಯವಿದ್ದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು ಪರೀಕ್ಷಿಸುವುದು ಲೇಸು. ಜೀವಕೋಶದ ಮೈಮೇಲಿನ ಸಿ.ಡಿ. 20 ಮೊದಲಾದ ಗುರುತುಗಳಿಂದ ರೋಗದ ಜಾತಿ ತಿಳಿಯುತ್ತದೆ. ಅದಕ್ಕೂ ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಗಂಟು ತಾತ್ಕಾಲಿಕವಾಗಿ ಕುಗ್ಗಿ, ನಿಜ ಮರೆಯಾದೀತು. ರೋಗ ಎಷ್ಟು ಹರಡಿದೆಯೆಂಬುದನ್ನು ಸ್ಕ್ಯಾನ್ ತಿಳಿಸುತ್ತದೆ.

ಜಾತಿಗೆ ತಕ್ಕಂತೆ ಚಿಕಿತ್ಸೆ. ಮೆಲ್ಲಗೆ ಬೆಳೆಯುವ ಕೆಲವನ್ನು ಔಷಧವಿಲ್ಲದೆ ವರ್ಷಗಟ್ಟಲೆ ಗಮನಿಸುತ್ತಿರಬಹುದು. ವೇಗವಾಗಿ ಬೆಳೆಯುವ ಸಾಮಾನ್ಯ ಜಾತಿಗೆ ಮೂರು ವಾರಕ್ಕೊಮ್ಮೆ, ಸಾಧಾರಣವಾಗಿ ಆರು ಸಲ, ಕೀಮೋಥೆರಪಿಯೊಡನೆ ರಿಟುಕ್ಸಿಮ್ಯಾಬ್ ಏರಿಸುತ್ತಾರೆ. ಸಿ.ಡಿ. 20ನ್ನೇ ಹುಡುಕಿ ಹಿಡಿಯುವ ಈ ಔಷಧಕ್ಕೆ ಅಮೆರಿಕೆಯಲ್ಲಿ 1997ರಲ್ಲಿ ಮನ್ನಣೆ ದೊರೆಯಿತು. ಇದರಿಂದ ಅರ್ಧಕ್ಕಿಂತ ಹೆಚ್ಚು ರೋಗಿಗಳು ಪೂರ್ಣ ಗುಣಹೊಂದುತ್ತಾರೆ. ರೋಗ ಮರುಕಳಿಸಿದವರಿಗೂ ದಾರಿಯಿದೆ: ರೋಗಿಯದೇ ಟಿ ಜೀವಕೋಶಗಳನ್ನು ಹೊರತೆಗೆದು, ಪಳಗಿಸಿ, ಮರಳಿ ಏರಿಸುವ ಚಿಕಿತ್ಸೆಯೊಂದನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರಗಳು ರೂಪಿಸಿದವು. 2023ರಲ್ಲಿ ಅದಕ್ಕೆ ಸರಕಾರದ ಅನುಮತಿ ದೊರೆಯಿತು.

ಆ ರೈತರು ಇಂದು ಮತ್ತೆ ಕಬ್ಬಿಗೆ ನೀರು ಹಾಯಿಸುತ್ತಿದ್ದಾರೆ. ಅವರನ್ನು ಕಂಡಾಗಲೆಲ್ಲ ನನ್ನ ಕೈ ತಾನಾಗಿ ಅವರ ಕತ್ತಿನತ್ತ ಸಾಗುತ್ತದೆ. ಅವರು ನಗುತ್ತಾರೆ. ನಾನು ಮಾತ್ರ ಆ ಎರಡು ತಿಂಗಳನ್ನು ಮರೆತಿಲ್ಲ.